ಹೂವಿನ ನಂಟು ಬೇರೆ, ಬೀಜದ ಗುಣ ಬೇರೆ

ಹೊಲದ ತೊಗರಿ, ಊರಬಾಗಿಲ ಹುಣಸೆ, ಬದುವಿನ ಮುಟ್ಟಿದರೆ ಮುನಿ ಮೂರೂ ಒಂದೇ ಕುಟುಂಬಕ್ಕೆ ಸೇರಿದವು. ಸಸ್ಯಶಾಸ್ತ್ರ ಇದನ್ನು ಫ್ಯಾಬೇಸಿ ಎನ್ನುತ್ತದೆ. ಸುಮಾರು 19,500 ಪ್ರಭೇದಗಳಿರುವ ಈ ಕುಟುಂಬಕ್ಕಿಂತ ದೊಡ್ಡವು ಎರಡೇ: ಆರ್ಕಿಡ್ ಮತ್ತು ಸೂರ್ಯಕಾಂತಿಯ ಕುಟುಂಬಗಳು.

ಇಷ್ಟು ದೊಡ್ಡ ಬಳಗವನ್ನು ಬಹುಕಾಲ ಹೂ ನೋಡಿ ಮೂರು ಪಾಲು ಮಾಡುತ್ತಿದ್ದರು. ಅವರೆ, ಹೊಂಗೆ, ಮುತ್ತುಗದ ಹೂವಿನಲ್ಲಿ ಮೇಲೊಂದು ಅಗಲ ದಳ, ಪಕ್ಕಕ್ಕೆ ಎರಡು ರೆಕ್ಕೆ, ಕೆಳಗೆ ದೋಣಿಯಂತೆ ಕೂಡಿದ ಎರಡು ದಳ. ಕಕ್ಕೆಯ ಹಳದಿ ಹೂವಿನಲ್ಲಿ ಐದು ದಳಗಳೂ ಹೆಚ್ಚುಕಡಿಮೆ ಒಂದೇ ಸಮ. ಜಾಲಿಯಲ್ಲಿ ದಳ ಕಣ್ಣಿಗೇ ಬೀಳದು. ಚೆಂಡಿನಂತೆ ಕಾಣುವುದೆಲ್ಲ ಕೇಸರಗಳು. 2017ರಲ್ಲಿ ವಿಜ್ಞಾನಿಗಳು ವಂಶವಾಹಿ ಆಧಾರದ ಮೇಲೆ ಆರು ಉಪಕುಟುಂಬಗಳನ್ನು ಒಪ್ಪಿದರು. ಜಾಲಿಯ ಗುಂಪು ಕಕ್ಕೆಯ ಮನೆಯೊಳಗೇ ಸೇರಿತು. ಹುಣಸೆ, ಅಶೋಕಗಳಿಗೂ ಬಸವನಪಾದಕ್ಕೂ ಬೇರೆ ಬೇರೆ ಮನೆಯಾಯಿತು.

ಬಿತ್ತುವವರು ಮಾತ್ರ ಈ ವಂಶಾವಳಿಯನ್ನು ನಂಬಿ ಕೂರುವಂತಿಲ್ಲ. ಹೊಂಗೆ, ಗುಲಗಂಜಿ ಎರಡೂ ಅವರೆಯ ಮನೆಯವೇ. ಎಣ್ಣೆ ತುಂಬಿದ ಹೊಂಗೆ ಬೀಜವನ್ನು ಹೊಸದಿರುವಾಗಲೇ ಹಾಗೇ ಊರಬೇಕು. ಹಳತಾದಷ್ಟೂ ಹುಟ್ಟುವ ಕಸು ಕುಗ್ಗುತ್ತದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕದ ಕಲ್ಲಾಗಿದ್ದ ಗುಲಗಂಜಿಗೋ ಸಿಪ್ಪೆ ಒಡೆಯದ ಹೊರತು ನೀರೇ ಒಳಗಿಳಿಯದು. ಒಳಗಿನ ಬೇಳೆ ಕಡು ವಿಷವಾದ್ದರಿಂದ ಅದನ್ನು ಮನೆಯಂಗಳದಲ್ಲಿ ಬೆಳೆಸದಿರುವುದೇ ಲೇಸು.

ಕಕ್ಕೆ, ಗುಲ್‌ಮೊಹರ್, ಸುಬಾಬುಲ್ ಬೀಜಗಳದೂ ಇಂಥದೇ ಗಟ್ಟಿ ಸಿಪ್ಪೆ. ಮಳೆ ಹಿಡಿಯುವ ತನಕ ಮೊಳೆಯದಿರಲು ಗಿಡ ಕಂಡುಕೊಂಡ ಉಪಾಯ ಅದು. ಕುದಿಸಿ ಒಲೆಯಿಂದಿಳಿಸಿದ ನೀರನ್ನು ಬೀಜದ ಮೇಲೆ ಸುರಿದು ರಾತ್ರಿಯಿಡೀ ಬಿಡಬಹುದು. ಬೀಜ ಕೆಲವೇ ಇದ್ದರೆ, ಬೀಜದ ಕಣ್ಣಿನ ಎದುರು ಬದಿಯನ್ನು ಅರದಿಂದ ತುಸು ಉಜ್ಜಿದರೂ ಸಾಕು. ಜಾಲಿಗೆ ಈ ಕೆಲಸವನ್ನು ಆಡು ಮಾಡಿಕೊಡುತ್ತದೆ. ಕಾಯಿ ತಿಂದ ಆಡಿನ ಹೊಟ್ಟೆ ಹಾದು ದೊಡ್ಡಿಗೆ ಬಿದ್ದ ಬೀಜ ಬೇಗ ಹುಟ್ಟುತ್ತದೆ.

ಹುಟ್ಟುವ ರೀತಿಯಲ್ಲೂ ಭೇದವಿದೆ. ಹೆಸರು, ಅಲಸಂದೆ, ಹುಣಸೆ ಬೇಳೆಗಳನ್ನು ಹೊತ್ತುಕೊಂಡೇ ಮಣ್ಣಿನಿಂದ ಮೇಲೇಳುತ್ತವೆ. ಅಳಿಲೋ ಪಾರಿವಾಳವೋ ಬೇಳೆಗಳ ಕೆಳಗೇ ಕತ್ತರಿಸಿದರೆ ಆ ಸಸಿಯ ಕತೆ ಮುಗಿಯಿತು. ತೊಗರಿ, ಕಡಲೆ, ಬಟಾಣಿಗಳು ಬೇಳೆಯನ್ನು ಮಣ್ಣಿನಲ್ಲೇ ಬಿಟ್ಟು ಕುಡಿಯನ್ನಷ್ಟೇ ಮೇಲೆ ಕಳಿಸುವುದರಿಂದ, ಕುಡಿ ಮುರಿದರೂ ಅಡಿಯಿಂದ ಮತ್ತೆ ಚಿಗುರುವ ಅವಕಾಶ ಇರುತ್ತದೆ.

ದ್ವಿದಳ ಎಂದ ಮೇಲೆ ನೆಲಕ್ಕೆ ಸಾರಜನಕ ಕೊಟ್ಟೇ ಕೊಡುತ್ತದೆ ಎಂಬ ನಂಬಿಕೆ ಬಲವಾಗಿದೆ. ಸಾರಜನಕ ಹಿಡಿದುಕೊಡುವ ಬೇರುಗಂಟಿನ ಬ್ಯಾಕ್ಟೀರಿಯಾವನ್ನು ಡಚ್ ವಿಜ್ಞಾನಿ ಬೇಯರಿಂಕ್ 1888ರಲ್ಲಿ ಬೇರ್ಪಡಿಸಿ ತೋರಿಸಿದರು. ಆದರೆ ಆ ಗಂಟು ಈ ಕುಟುಂಬದ ಎಲ್ಲರಿಗೂ ಇಲ್ಲ. ತೊಗರಿ, ಹೊಂಗೆ, ಜಾಲಿಗಳಲ್ಲಿ ಉಂಟು. ಹುಣಸೆ, ಕಕ್ಕೆಗಳಲ್ಲಿ ಇಲ್ಲ. ನೆಲ ಹಸನಾಗಲೆಂದು ಬದುವಿನಲ್ಲಿ ಮರ ಬೆಳೆಸುವವರು ಹೊಂಗೆಯನ್ನು ಆರಿಸಿಕೊಳ್ಳುವುದು ಜಾಣತನ.

ಹೆಸರು ಗೊತ್ತಿಲ್ಲದ ಕಾಯಿ ಕೈಗೆ ಸಿಕ್ಕಿತೆ? ನಾಲ್ಕಾರು ಬೀಜಗಳನ್ನು ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿ. ಉಬ್ಬಿದವನ್ನು ಬೆಳಿಗ್ಗೆಯೇ ಊರಿ. ಇದ್ದ ಹಾಗೇ ಇದ್ದವಕ್ಕಷ್ಟೇ ಅರ, ಬಿಸಿನೀರು. ಎಲ್ಲಕ್ಕೂ ಮೊದಲೇ ಬಿಸಿನೀರು ಸುರಿದರೆ ತೆಳು ಸಿಪ್ಪೆಯ ಬೀಜಗಳು ಬೆಂದುಹೋಗುತ್ತವೆ.