ಗಣಿಗಾರನ ಮೊಣಕೈ, ವಿದ್ಯಾರ್ಥಿಯ ಮೊಣಕೈ

ಬಂಗಾರಪೇಟೆಯಲ್ಲಿ ನಮ್ಮ ತರಗತಿಗೆ ಕೋಲಾರದ ಚಿನ್ನದ ಗಣಿ ಪ್ರದೇಶದಿಂದ ರೈಲಿನಲ್ಲಿ ಬರುವ ವಿದ್ಯಾರ್ಥಿಗಳು ಕೆಲವರಿದ್ದಾರೆ. ಸನ್ನೆಯ ನಿಯಮವನ್ನು ಬೋಧಿಸಿದ ದಿನ ಅವರಲ್ಲೊಬ್ಬನು ಪಾಠ ಮುಗಿದ ಮೇಲೆ ಬಂದು, “ಸಾರ್, ನಮ್ಮ ತಂದೆಯವರಿಗೆ ಮೂರು ತಿಂಗಳಿನಿಂದ ಬಲ ಮೊಣಕೈ ನೋವು. ಅದು ಗಣಿಯ ಕೆಲಸದ ಫಲ, ಇನ್ನು ಹೋಗುವುದಿಲ್ಲ ಎನ್ನುತ್ತಾರೆ. ನಿಜವೇ?” ಎಂದು ಕೇಳಿದನು. ಭೌತವಿಜ್ಞಾನದ ಅಧ್ಯಾಪಕನು ವೈದ್ಯನಲ್ಲ. ಆದರೆ ಈ ಪ್ರಶ್ನೆಯ ಅರ್ಧ ಭಾಗ ನಮ್ಮ ಶಾಸ್ತ್ರಕ್ಕೇ ಸೇರಿದ್ದು.

ಮೊಣಕೈ ಮೂರು ಮೂಳೆಗಳು ಕೂಡುವ ಸಂದು. ಮುಂದೋಳನ್ನು ಒಂದು ಸನ್ನೆಯೆಂದು ಭಾವಿಸಿರಿ. ಸಂದೇ ಅದರ ಆನಿಕೆ. ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ಮುಂದೋಳನ್ನು ಮೇಲೆತ್ತುವ ಮುಖ್ಯ ಸ್ನಾಯುರಜ್ಜು ಆನಿಕೆಯಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಅಂಟಿಕೊಂಡಿದೆ. ಅಂಗೈಯಾದರೋ ಸುಮಾರು 35 ಸೆಂಟಿಮೀಟರ್ ದೂರದಲ್ಲಿದೆ. ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ 10 ಲೀಟರ್ ನೀರನ್ನು, ಅಂದರೆ 10 ಕಿಲೋಗ್ರಾಂ ಭಾರವನ್ನು, ಹಿಡಿದರೆ ಆ ಹುರಿಯು ಏಳರಷ್ಟು, ಎಂದರೆ 70 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕಾಗುವುದು. ನಾವು ಹಗುರವೆಂದು ಬಗೆಯುವ ಕೆಲಸ ಮೊಣಕೈಗೆ ಹಗುರವಲ್ಲ. ಅದೇ ಕೆಲಸವನ್ನು ದಿನಕ್ಕೆ ಸಾವಿರ ಬಾರಿ ಮಾಡಿದರೆ ಏನಾದೀತೆಂದು ಯೋಚಿಸಿರಿ.

ಹಾಗಾದರೆ ನೋವಿನ ಕಾರಣವನ್ನು ಗುರುತಿಸುವುದೆಂತು? ಮೂರು ಪ್ರಶ್ನೆಗಳು ಸಹಾಯಕ್ಕೆ ಬರುತ್ತವೆ: ನೋವು ಎಲ್ಲಿದೆ? ಯಾವ ಚಲನೆಯಿಂದ ಹೆಚ್ಚುತ್ತದೆ? ಎಂದು ಆರಂಭವಾಯಿತು?

ಮೊಣಕೈಯ ಹಿಂಬದಿಯ ತುದಿಯಲ್ಲಿ, ಚರ್ಮಕ್ಕೂ ಮೂಳೆಗೂ ನಡುವೆ, ಘರ್ಷಣೆಯನ್ನು ತಗ್ಗಿಸುವ ತೆಳುವಾದ ದ್ರವಚೀಲವಿದೆ. ಒತ್ತಡ ಬಹುಕಾಲ ಬಿದ್ದರೆ ಅದು ನಿಂಬೆಹಣ್ಣಿನಂತೆ ಊದಿಕೊಳ್ಳುವುದುಂಟು. ತಗ್ಗಾದ ಸುರಂಗಗಳಲ್ಲಿ ಮೊಣಕೈಯೂರಿ ದುಡಿಯುತ್ತಿದ್ದ ಬ್ರಿಟನ್ನಿನ ಕಲ್ಲಿದ್ದಲ ಗಣಿಗಾರರಲ್ಲಿ ಇಂಥ ಊತ ಬಹು ಸಾಮಾನ್ಯವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅಲ್ಲಿನ ಕಾನೂನು ಅದನ್ನು ಪರಿಹಾರಕ್ಕೆ ಅರ್ಹವಾದ ವೃತ್ತಿರೋಗಗಳಲ್ಲಿ ಸೇರಿಸಿತು. ‘ಗಣಿಗಾರನ ಮೊಣಕೈ’ ಎಂಬ ಈ ಬೇನೆಗೆ ಇನ್ನೊಂದು ಹೆಸರೂ ಇದೆ: ‘ವಿದ್ಯಾರ್ಥಿಯ ಮೊಣಕೈ’! ಮೇಜಿನ ಮೇಲೆ ಮೊಣಕೈಯೂರಿ ಗಂಟೆಗಟ್ಟಲೆ ಓದುವವನಿಗೂ ಅದೇ ಗತಿ. ಕಲ್ಲಾಗಲಿ ಮೇಜಾಗಲಿ, ದ್ರವಚೀಲಕ್ಕೆ ಒತ್ತಡವು ಒತ್ತಡವೇ.

ಎರಡನೆಯ ಕಾರಣ ಕಂಪನ. ಕೋಲಾರದ ಗಣಿಗಳಲ್ಲಿ 1880ರಿಂದ ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿ ಆಧುನಿಕ ರೀತಿಯ ಗಣಿಗಾರಿಕೆ ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಒತ್ತಿದ ಗಾಳಿಯಿಂದ ನಡೆಯುವ ಬೈರಿಗೆ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದವರ ಮೊಣಕೈ ಸಂದಿನ ಮೃದ್ವಸ್ಥಿ ಸವೆಯುವುದುಂಟು. ಆಗ ನೋವು ಸಂದಿನ ಒಳಗೇ ಇರುವುದು. ಕೈ ಪೂರ್ತಿಯಾಗಿ ಚಾಚಲಾರದು.

ಮೂರನೆಯದು ನರ. ಮೊಣಕೈ ಗೋಡೆಗೆ ತಾಗಿದಾಗ ವಿದ್ಯುತ್ತು ಹೊಡೆದಂತೆ ಜುಮ್ಮೆನ್ನುವುದು ಎಲ್ಲರಿಗೂ ತಿಳಿದದ್ದೇ. ಒಳಬದಿಯ ಎಲುಬಿನ ಹಿಂದೆ ಸಾಗುವ ನರದ ಗುಣ ಅದು. ಕೈಯನ್ನು ಬಹುಹೊತ್ತು ಮಡಿಸಿ ದೂರವಾಣಿ ಹಿಡಿದರೂ, ಮಡಿಸಿಯೇ ಮಲಗಿದರೂ ಆ ನರ ಸೆಳೆಯಲ್ಪಡುತ್ತದೆ. ಕಿರುಬೆರಳೂ ಉಂಗುರದ ಬೆರಳಿನ ಅರ್ಧವೂ ಜೋಮು ಹಿಡಿಯುವುವು. ಇದನ್ನು ಅಲಕ್ಷಿಸಿದರೆ ಅಂಗೈಯ ಸಣ್ಣ ಮಾಂಸಖಂಡಗಳು ಶಾಶ್ವತವಾಗಿ ಕೃಶವಾಗಬಹುದು. ಕುತ್ತಿಗೆಯಲ್ಲಿ ಒತ್ತಲ್ಪಟ್ಟ ನರದ ನೋವು ಮೊಣಕೈಯಲ್ಲಿ ತೋರುವುದೂ ಉಂಟು.

ನಾಲ್ಕನೆಯದೇ ಬಹು ಸಾಮಾನ್ಯವಾದುದು: ಹೊರಬದಿಯ ನೋವು. ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಒಳಕ್ಕೆ ಮಡಿಯದಂತೆ ಮುಂದೋಳಿನ ಹಿಂಬದಿಯ ಮಾಂಸಖಂಡಗಳು ಎಳೆದು ಹಿಡಿಯಬೇಕು. ಅವುಗಳ ಸ್ನಾಯುರಜ್ಜು ಮೊಣಕೈಯ ಹೊರಬದಿಯ ಒಂದು ಪುಟ್ಟ ಉಬ್ಬಿಗೆ ಅಂಟಿದೆ. ದುಡಿಯುವುದು ಅಂಗೈ, ದಂಡ ತೆರುವುದು ಮೊಣಕೈ! ಇದಕ್ಕೆ ‘ಟೆನಿಸ್ ಮೊಣಕೈ’ ಎಂದು ಹೆಸರಾದರೂ ಬಟ್ಟೆ ಹಿಂಡುವವರು, ಬಡಗಿಗಳು, ಬಣ್ಣ ಬಳಿಯುವವರು, ಇವರಿಗೆಲ್ಲ ಇದು ಬರುತ್ತದೆ. ಕ್ರಿಕೆಟ್ ಆಟಗಾರ ಸಚಿನ್ ತೆಂಡೂಲ್ಕರರು 2005ರಲ್ಲಿ ಇದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು.

ನಾವು ವಿದ್ಯಾರ್ಥಿಯನ್ನು ಆ ಮೂರು ಪ್ರಶ್ನೆಗಳನ್ನು ಕೇಳಿದೆವು. ನೋವು ಹೊರಬದಿಯಲ್ಲಿ, ಅಂಗೈ ಕೆಳಮುಖವಾಗಿಸಿ ಚೊಂಬನ್ನೆತ್ತಿದರೆ ಹೆಚ್ಚು, ಕೈ ಚಾಚಲು ತೊಂದರೆಯಿಲ್ಲ. ಗಣಿಗಳು 2001ರಲ್ಲಿಯೇ ಮುಚ್ಚಿದವು. ಆಮೇಲೆ ಅವರು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದಾರೆ. ಕಾರಣ ಹಳೆಯ ಸುರಂಗದಲ್ಲಿರಲಿಲ್ಲ, ಇಂದಿನ ಕುಂಚದಲ್ಲಿತ್ತು! ವೈದ್ಯರೂ ಪರೀಕ್ಷಿಸಿ ಹಾಗೆಯೇ ಹೇಳಿದರಂತೆ.

ಟೆನಿಸ್ ಮೊಣಕೈ ಬಹುಪಾಲು ಜನರಿಗೆ ಒಂದು ವರ್ಷದೊಳಗೆ ಗುಣವಾಗುವುದು. ಅಂಗೈ ಮೇಲ್ಮುಖವಾಗಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತಬೇಕು, ಹಿಡಿ ದಪ್ಪವಾಗಿರಬೇಕು, ವೈದ್ಯರು ಹೇಳಿದ ವ್ಯಾಯಾಮವನ್ನು ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಆದರೆ ಮೊಣಕೈ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ, ಬಿದ್ದ ಮೇಲೆ ಕೈ ಚಾಚಲಾಗದಿದ್ದರೆ, ಬೆರಳುಗಳು ಜೋಮು ಹಿಡಿದು ಬಲಗುಂದಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

“ಇನ್ನು ಹೋಗುವುದಿಲ್ಲ” ಎಂಬ ಮಾತಿನಿಂದ ಆ ತಂದೆ ಮೂರು ತಿಂಗಳು ಸುಮ್ಮನೆ ನೋವುಂಡರು. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಹೇಳಿದರೆ ಆ ಮೂರು ಪ್ರಶ್ನೆಗಳನ್ನು ಕೇಳಿರಿ, ಉತ್ತರಗಳೊಡನೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಈ ಲೇಖನವನ್ನು ಓದುವಾಗ ನಿಮ್ಮ ಮೊಣಕೈ ಮೇಜಿನ ಮೇಲೆ ಊರಿದ್ದರೆ, ಅದನ್ನೂ ಈಗಲೇ ತೆಗೆಯಿರಿ.