ಹೋಂವರ್ಕಿನ ಸುಣ್ಣ

ಒಮಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಹೋಂವರ್ಕಿನ ನೆನಪಾಗುವುದು ಮಾತ್ರ ಶನಿವಾರ ರಾತ್ರಿ ಊಟದ ಹೊತ್ತಿಗೆ. ಆಗ ಅಕ್ಕಪಕ್ಕದ ಮಕ್ಕಳು ಪುಸ್ತಕ ಹಿಡಿದು ಹೊರಡುತ್ತಾರೆ. ರಸಾಯನ ಶಾಸ್ತ್ರವಾದರೆ ನಮ್ಮ ಮನೆಗೆ. ಡಾಕ್ಟರೇಟ್ ಮಾಡಿದವರಿಗೆ ಹೈಸ್ಕೂಲಿನ ಲೆಕ್ಕ ಯಾವ ಮಹಾ! ಐದೇ ನಿಮಿಷದಲ್ಲಿ ಉತ್ತರ ಬರೆಸಿ ಕಳಿಸುತ್ತಿದ್ದೆವು. ಒಬ್ಬ ಹುಡುಗಿಗೆ ಹೋಂವರ್ಕಿನಲ್ಲಿ ಹತ್ತಕ್ಕೆ ಹತ್ತು ಬಂತು. ಪರೀಕ್ಷೆಯಲ್ಲಿ ಅದೇ ಲೆಕ್ಕ, ಅಂಕಿ ಮಾತ್ರ ಬೇರೆ, ಬಂದದ್ದು ಸೊನ್ನೆ. ಅವಳ ಮುಖ ನೋಡಿದಾಗ ಆ ಸೊನ್ನೆ ನಮ್ಮದೆಂದು ತಿಳಿಯಿತು.

ಮುಂದಿನ ಶನಿವಾರ ಮೊದಲಿನಿಂದ ಕುಳಿತೆವು. 25 ಗ್ರಾಂ ಸುಣ್ಣದ ಕಲ್ಲನ್ನು ಪೂರ್ತಿ ಸುಟ್ಟರೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ? ಅವಳು ಬರೆದದ್ದು 25 ಗ್ರಾಂ. ಯಾಕಮ್ಮಾ ಎಂದರೆ, "ಸಮೀಕರಣದಲ್ಲಿ ಒಂದಕ್ಕೆ ಒಂದು ಅಂತಿದೆಯಲ್ಲ, ಆಂಟಿ?" ಕಲ್ಲೆಲ್ಲ ಗಾಳಿಯಾಗಿ ಹೋದರೆ ಗೂಡಿನಲ್ಲಿ ಸುಣ್ಣ ಉಳಿಯುವುದೆಲ್ಲಿಂದ?

ಆ 'ಒಂದು' ಎಣಿಕೆ, ತೂಕವಲ್ಲ. ತಾಂಬೂಲದ ತಟ್ಟೆಯಲ್ಲಿ ಒಂದು ತೆಂಗಿನಕಾಯಿ, ಒಂದು ಅಡಿಕೆ ಇಟ್ಟರೆ ಎಣಿಕೆಯಲ್ಲಿ ಎರಡೂ ಸಮ. ತಕ್ಕಡಿಗೆ ಹಾಕಿ ನೋಡಿ! ಅವಳು ನಕ್ಕಳು. ಆಮೇಲೆ ಕೂಡುವುದಷ್ಟೇ. ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಮ್ಲಜನಕಕ್ಕೆ 48: ಸುಣ್ಣದ ಕಲ್ಲು 100. ಕಾರ್ಬನ್ ಡೈಆಕ್ಸೈಡಿಗೆ 12 ಮತ್ತು 32, ಅಂದರೆ 44. ನೂರು ಗ್ರಾಮಿಗೆ 44 ಹೋದರೆ 25 ಗ್ರಾಮಿಗೆ 11. ಉಳಿದ 14 ಗ್ರಾಂ ಸುಟ್ಟ ಸುಣ್ಣ. ರಸಾಯನ ಶಾಸ್ತ್ರ ಮರೆತ ತಂದೆತಾಯಂದಿರೂ ಇಲ್ಲಿ ಉತ್ತರ ಪರೀಕ್ಷಿಸಬಹುದು: ಹೋದದ್ದನ್ನೂ ಉಳಿದದ್ದನ್ನೂ ಕೂಡಿದರೆ ಮೊದಲಿನ ತೂಕ ಬರಬೇಕು.

"ಇದೆಲ್ಲ ಯಾತಕ್ಕೆ, ಆಂಟಿ?" ಈ ಪ್ರಶ್ನೆ ಬಂದೇ ಬರುತ್ತದೆ. ಅಜ್ಜಿಯ ಸುಣ್ಣದ ಡಬ್ಬಿಯಿಂದ ಹಿಡಿದೆವು. ಮುಚ್ಚಳ ತೆರೆದಿಟ್ಟರೆ ಸುಣ್ಣ ಗಟ್ಟಿಯಾಗಿ, ನಾಲಿಗೆ ಸುಡುವ ಗುಣ ಕಳೆದುಕೊಳ್ಳುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಸುಣ್ಣದ ತಿಳಿನೀರಿಗೆ ಊದಿದರೆ ಹಾಲಿನಂತಾಗುವುದೂ ಇದೇ ಕಾರಣಕ್ಕೆ.

ನಿಜ್ವಾಕ್ಕೆ ಹೋಗುವಾಗ ಸಮಾಯಿಲ್ ಕಣಿವೆಯಲ್ಲಿ ಕಾಣುವ ಕಪ್ಪು-ಕಂದು ಬೆಟ್ಟಗಳನ್ನು ಎಲ್ಲರೂ ನೋಡಿದ್ದೇವೆ. ಒಂದು ಹುಲ್ಲುಕಡ್ಡಿ ಇಲ್ಲವೆಂದು ಬೇಸರಪಟ್ಟದ್ದೂ ಉಂಟು. ಅದು ಪೆರಿಡೊಟೈಟ್ ಶಿಲೆ, ಸಮುದ್ರತಳಕ್ಕಿಂತ ಆಳದಲ್ಲಿದ್ದದ್ದು ಮೇಲೆದ್ದು ಬಂದದ್ದು. ಅಂಥ ಬೆಟ್ಟಗಳ ಕೆಲವು ಚಿಲುಮೆಗಳಲ್ಲಿ ಹರಿಯುವುದು ಸುಣ್ಣದ ತಿಳಿನೀರೇ, ಪಿಎಚ್ 11ಕ್ಕೂ ಮೇಲೆ. ಗಾಳಿ ತಗುಲಿದಲ್ಲಿ ಹಾಲಿನ ಕೆನೆಯಂತೆ ಬಿಳಿ ಪೊರೆ ಕಟ್ಟುತ್ತದೆ. ಹೋಂವರ್ಕಿನ ಪ್ರಯೋಗವನ್ನು ಬೆಟ್ಟವೇ ಯಾವ ಅವಸರವೂ ಇಲ್ಲದೆ ಮಾಡುತ್ತಿದೆ.

ಅದನ್ನು ಬೇಗ ಮಾಡಿಸಲು 2020ರಲ್ಲಿ ಒಮಾನಿನಲ್ಲೇ ಒಂದು ಕಂಪನಿ ಹುಟ್ಟಿತು. ಕಾರ್ಬನ್ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ, ಇಂಥ ಶಿಲೆಯ ಆಳಕ್ಕೆ ಇಳಿಸಿ ಕಲ್ಲಾಗಿಸುವುದು ಅದರ ಕೆಲಸ. 2022ರಲ್ಲಿ ಅದಕ್ಕೆ ಅರ್ಥ್‌ಶಾಟ್ ಬಹುಮಾನವೂ ಬಂತು. ಕಂಪನಿಯ ಹೆಸರೇನು ಗೊತ್ತೇ? 44.01. ಅಕ್ಷರವೇ ಇಲ್ಲ, ಬರಿಯ ಅಂಕಿ!

ಹುಡುಗಿ ತನ್ನ ಪುಸ್ತಕ ನೋಡಿಕೊಂಡಳು. ಅವಳದೇ ಕೈಬರಹದಲ್ಲಿ 44 ಇತ್ತು. "ಆ .01 ಎಲ್ಲಿಂದ ಬಂತು?" ಎಂದು ಕೇಳಿದಳು. ಪಠ್ಯಪುಸ್ತಕದವರು ಲೆಕ್ಕ ಸುಲಭವಾಗಲೆಂದು ಬಿಟ್ಟದ್ದು ಎಂದೆವು.

ಮುಂದಿನ ಲೆಕ್ಕಕ್ಕೆ ಪೆನ್ಸಿಲನ್ನು ನಮ್ಮ ಕೈಗೆ ಕೊಡಲಿಲ್ಲ. ಅರ್ಧ ಗಂಟೆ ಹಿಡಿಯಿತು. ನಡುವೆ ಒಂದು ಆಮ್ಲಜನಕ ಎಣಿಸಲು ಮರೆತು, ಕೂಡಿ ನೋಡಿ, ತಾನೇ ಅಳಿಸಿದಳು. ನಾವು ಬಾಯಿ ಬಿಡದೆ ಕಾಫಿ ಕುಡಿಯುತ್ತ ಕುಳಿತಿದ್ದೆವು.