ಕಮಲಾಪುರದಲ್ಲಿ ರೊಕ್ಕದ ದಾರಿ

ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಹೆದ್ದಾರಿ. ಕಮಲಾಪುರ ಬರುತ್ತಿದ್ದಂತೆ ರಸ್ತೆ ಬದಿಗೆ ಕೆಂಪು ಬಾಳೆ. ಭೌಗೋಳಿಕ ಸೂಚಿಕೆಯ ಗೌರವ ಪಡೆದ ಹಣ್ಣು. ಕಾರಿನವರು ಇಳಿದು, ಚೌಕಾಸಿ ಮಾಡಿ, ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದು ಹೊರಡುತ್ತಾರೆ. ಖಾತೆಗೆ ರೊಕ್ಕ ಬೀಳುವುದು ಈಗ ಇಷ್ಟು ಸಲೀಸು. ಅದು ಕೈಗೆ ಸಿಗುವ ಕತೆ ಬೇರೆ.

ಕಿರಾಣಿ ಅಂಗಡಿಯೊಂದರಲ್ಲಿ ಹೆಬ್ಬಟ್ಟು ಒತ್ತುವ ಯಂತ್ರದ ಮುಂದೆ ಹೆಂಗಸರ ಸಾಲು. ಗೃಹಲಕ್ಷ್ಮಿಯ 2,000 ರೂಪಾಯಿ. "ಯವ್ವಾ, ಬೆರಳ ಒರಸ್ಕೊಂಡು ಇನ್ನೊಮ್ಮಿ ಇಡು." ಕಳೆ ಕಿತ್ತು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಕೆಲವೊಮ್ಮೆ 'ಫೇಲ್' ಎಂದು ಬಂದರೂ ಖಾತೆಯಲ್ಲಿ ಕಡಿತವಾಗಿರುತ್ತದೆ. ಹಾಗಾದಾಗ ಚೀಟಿ ಕೇಳಿ ಇಟ್ಟುಕೊಳ್ಳಬೇಕು: ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಐದು ದಿನದೊಳಗೆ ಹಣ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸಾಲಿನಲ್ಲಿದ್ದವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅಂಗಡಿಗೆ ಬರಲಾಗದವರಿಗೆ ಅಂಚೆಯಣ್ಣ ಇಂಥದೇ ಯಂತ್ರ ಹಿಡಿದು ಮನೆ ಬಾಗಿಲಿಗೆ ಬರಬಲ್ಲ. ಅಂಚೆ ಪೇಮೆಂಟ್ಸ್ ಬ್ಯಾಂಕ್ 2018ರಿಂದ ಇದೆ.

ಬ್ಯಾಂಕುಗಳ ಹೆಸರೇ ಒಂದು ಗೊಂದಲ. ನಿಜಾಮರ ಕಾಲದಲ್ಲಿ, 1941ರಲ್ಲಿ ಹುಟ್ಟಿದ ಹೈದರಾಬಾದ್ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಕರಗಿತು. ಹಳಬರ ಬಾಯಲ್ಲಿ ಇನ್ನೂ ಎಸ್‌ಬಿಎಚ್. ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು. 2025ರ ಮೇನಲ್ಲಿ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಬಂದು ಸೇರಿತು; ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಉಳಿಯಿತು. ಬೋರ್ಡು ಬದಲಾಗುತ್ತಲೇ ಇತ್ತು. ಸಾಲ ಮಾತ್ರ ಎಂದಿನಂತೆ ನಿಧಾನ.

ಊರಿನ ಸಹಕಾರ ಸಂಘದಲ್ಲಿ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲದ ಯೋಜನೆಯಿದೆ, ಗಡುವಿನೊಳಗೆ ತೀರಿಸಿದರೆ. ಆದರೆ ಸಂಘಕ್ಕೆ ದುಡ್ಡು ಬರುವುದು ಕಲಬುರಗಿಯ ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕಿನಿಂದ; ಅಲ್ಲಿಂದ ಬಂದರಷ್ಟೇ ಇಲ್ಲಿ ಸಾಲ. ಠೇವಣಿ ಇಡುವವರಿಗೂ ಒಂದು ಎಚ್ಚರಿಕೆ: ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆಯುಂಟು, ಪತ್ತಿನ ಸಂಘ, ಸೌಹಾರ್ದ ಪತ್ತಿನ ಸಹಕಾರಿಗಳ ಠೇವಣಿಗೆ ಇಲ್ಲ. ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಎಂದವರು ಇದನ್ನು ಹೇಳುವುದಿಲ್ಲ.

ಸಾಲದಂಥ ದೊಡ್ಡ ಕೆಲಸಕ್ಕೆ ಬಸ್ಸೇ ಗತಿ. ಮಹಾಗಾಂವ್ ಕ್ರಾಸ್ ದಾಟಿ ಕಲಬುರಗಿ. ಹೆಂಗಸರಿಗೆ ಟಿಕೆಟ್ ಇಲ್ಲ, ಆದರೂ ಒಂದು ದಿನದ ಕೂಲಿ ಹೋಯಿತು. ಬ್ಯಾಂಕಿನಲ್ಲಿ ಪಹಣಿ ತಾ, ಬೇಬಾಕಿ ಪತ್ರ ತಾ, ನಾಳೆ ಬಾ. ನೆಹರೂ ಗಂಜಿನ ಅಡತಿ ಅಂಗಡಿಯಲ್ಲಿ ಕಾಗದ ಕೇಳುವುದಿಲ್ಲ. ಬೀಜಕ್ಕೆ, ಗೊಬ್ಬರಕ್ಕೆ, ಮದುವೆಗೆ ನಿಂತ ಕಾಲಲ್ಲೇ ರೊಕ್ಕ ಎಣಿಸಿಕೊಡುತ್ತಾರೆ. ಬಡ್ಡಿ ಬ್ಯಾಂಕಿಗಿಂತ ಜಾಸ್ತಿ; ಜೊತೆಗೊಂದು ಕರಾರು: ರಾಶಿಯಾದ ಮೇಲೆ ತೊಗರಿ ಅದೇ ಅಂಗಡಿಗೆ ಬರಬೇಕು.